ಸನ್ಯಾಸಿ ಏಡಿಗಳ ಕಲಹ ಮತ್ತು ಸಾಕಿದವರ ಹೊಣೆ

ಅಮೆರಿಕದ ನ್ಯೂಜೆರ್ಸಿಯ ಕಡಲತೀರದಲ್ಲಿ ಸಮುದ್ರಕ್ಕೆ ಎದುರಾಗಿ ಹಲಗೆ ಹಾಸಿದ ಉದ್ದನೆಯ ಕಾಲುದಾರಿಗಳಿವೆ. ಬೇಸಿಗೆಯ ರಜೆಯಲ್ಲಿ ಅಲ್ಲಿ ಜನಸಂದಣಿ ಬಹಳ. ಟೋಪಿ, ಆಟಿಕೆ, ಮಿಠಾಯಿ ಮಾರುವ ಅಂಗಡಿಗಳಲ್ಲೇ ತಂತಿಯ ಪಂಜರಗಳೊಳಗೆ ಜೀವಂತ ಏಡಿಗಳನ್ನೂ ಮಾರಾಟಕ್ಕೆ ಇಡುವುದುಂಟು. ಅವುಗಳ ಬೆನ್ನ ಮೇಲಿನ ಶಂಖದಂಥ ಚಿಪ್ಪುಗಳಿಗೆ ಬಣ್ಣ ಬಳಿದು ಮಕ್ಕಳ ಕಣ್ಣು ಸೆಳೆಯುವ ಚಿತ್ರಗಳನ್ನು ಬರೆದಿರುತ್ತಾರೆ. ಆ ನಾಡಿನಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬವೊಂದು ಮಗಳ ಹಟಕ್ಕೆ ಮಣಿದು ಅಂಥ ಎರಡು ಏಡಿಗಳನ್ನು ಮನೆಗೆ ತಂದಿತೆಂದು ಭಾವಿಸಬಹುದು. ನಾಯಿ ಬೆಕ್ಕುಗಳಂತೆ ಇವಕ್ಕೆ ಮಾಂಸ ಹಾಕಬೇಕಾಗಿಲ್ಲ, ಹಣ್ಣಿನ ಚೂರು ಸಾಕು ಎಂಬುದು ಅಂಗಡಿಯವನ ಭರವಸೆ. ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಒಂದು ಹಿಡಿ ಬಣ್ಣದ ಕಲ್ಲು, ನೀರು ಹೀರುವ ಒಂದು ಸ್ಪಂಜು. ಇಷ್ಟೇ ಅವುಗಳ ಸಂಸಾರ.

ಕೆಲವು ತಿಂಗಳ ಅನಂತರ ಒಂದು ಬೆಳಗ್ಗೆ ಒಂದು ಏಡಿ ಚಿಪ್ಪಿನ ಹೊರಗೆ ಸತ್ತು ಬಿದ್ದಿದೆ. ಅದರ ಎರಡು ಕಾಲುಗಳಿಲ್ಲ. ಇನ್ನೊಂದು ಅದರ ಪಕ್ಕದಲ್ಲೇ ಇದೆ. "ಅಜ್ಜಿ, ಇದು ಅದನ್ನು ಕೊಂದಿತಲ್ಲ, ಇದಕ್ಕೆ ಪಾಪ ಬರುತ್ತದೆಯೇ?" ಎಂದು ಮಗು ಕೇಳುತ್ತದೆ. "ಅದರ ಸ್ವಭಾವ ಅಂಥದು ಮಗೂ, ಅದಕ್ಕೇನು ತಿಳಿಯುತ್ತದೆ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಏಡಿಗಳನ್ನು ಸಾಕುವ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ ಇದು. ಅಜ್ಜಿಯ ಮಾತು ಹಿತವಾದದ್ದು. ಅದು ಎಷ್ಟರಮಟ್ಟಿಗೆ ನಿಜ ಎಂಬುದೇ ಇಲ್ಲಿ ವಿಚಾರಾರ್ಹವಾದದ್ದು.

ಈ ಪ್ರಾಣಿಗೆ ಸನ್ಯಾಸಿ ಏಡಿ ಎಂಬ ಹೆಸರು ಬಂದುದು ಅದು ಒಂಟಿಯಾಗಿ ಚಿಪ್ಪಿನ ಗುಹೆಯಲ್ಲಿ ಅಡಗಿ ಕೂರುವ ರೀತಿಯನ್ನು ಕಂಡು. ಹೆಸರು ಅದಕ್ಕೆ ಒಪ್ಪುವುದಿಲ್ಲ. ಅದು ಒಂಟಿಯಲ್ಲ, ಗುಂಪಿನಲ್ಲಿ ಬಾಳುವ ಜೀವಿ. ಮನೆಯನ್ನು ತೊರೆದದ್ದಲ್ಲ, ಮನೆಯಿಲ್ಲದೆ ಬಹುಕಾಲ ಬದುಕಲಾರದು. ಅದರ ದೇಹದ ಮುಂಭಾಗಕ್ಕೆ ಗಟ್ಟಿ ಕವಚವಿದೆ, ಇಕ್ಕುಳದಂಥ ಮುಂಗಾಲುಗಳಿವೆ. ಹಿಂಭಾಗ ಮಾತ್ರ ಮೃದುವಾದ, ಸುರುಳಿಯಾಗಿ ತಿರುಚಿದ ಬರಿಯ ಮಾಂಸ. ಸತ್ತ ಕಡಲ ಬಸವನಹುಳುಗಳು ಬಿಟ್ಟುಹೋದ ಚಿಪ್ಪಿನಲ್ಲಿ ಆ ಭಾಗವನ್ನು ತೂರಿಸಿಕೊಂಡು ಅದು ಓಡಾಡುತ್ತದೆ. ದೇಹ ಬೆಳೆದಂತೆಲ್ಲ ಹಳೆಯ ಚಿಪ್ಪು ಬಿಗಿಯಾಗುತ್ತದೆ, ದೊಡ್ಡದನ್ನು ಹುಡುಕಬೇಕಾಗುತ್ತದೆ. ಶಾಸ್ತ್ರವ್ಯಾಖ್ಯಾನಗಳಲ್ಲಿ ದ್ವೀಂದ್ರಿಯ ಜೀವಕ್ಕೆ ಉದಾಹರಣೆಯಾಗಿ ಬರುವ ಶಂಖವನ್ನು ಓದುಗರು ಬಲ್ಲರು. ಅಂಥ ಒಂದು ಜೀವ ತ್ಯಜಿಸಿದ ಶರೀರದ ಹೊರಗವಚವೇ ಈ ಇನ್ನೊಂದು ಜೀವಕ್ಕೆ ಆಶ್ರಯ. ದಿಗಂಬರ ಮುನಿಗೆ ವಸ್ತ್ರವೂ ಪರಿಗ್ರಹ. ಏಡಿಗೆ ಚಿಪ್ಪು ಪರಿಗ್ರಹವಲ್ಲ, ಚರ್ಮವಿದ್ದಂತೆ. ಆದ್ದರಿಂದ ಚಿಪ್ಪಿಗಾಗಿ ಅದು ಕಾದಾಡುವುದನ್ನು ಲೋಭವೆಂದು ಕರೆಯುವುದು ಅದರ ಮೇಲೆ ಮನುಷ್ಯನ ದೋಷವನ್ನು ಹೊರಿಸಿದಂತೆ.

ಪೇಟೆಯಲ್ಲಿ ಮಾರಾಟವಾಗುವುವು ನೆಲದ ಮೇಲೆ ಬಾಳುವ ಜಾತಿಗಳು. ಅಮೆರಿಕದಲ್ಲಿ ಹೆಚ್ಚಾಗಿ ಕೆರಿಬಿಯನ್ ದ್ವೀಪಗಳ ಏಡಿ. ನೆಲದಲ್ಲಿದ್ದರೂ ಮೊಟ್ಟೆಯೊಡೆಯಲು ಅದಕ್ಕೆ ಕಡಲೇ ಬೇಕು. ಮರಿಗಳು ವಾರಗಟ್ಟಲೆ ಸಮುದ್ರದ ನೀರಿನಲ್ಲಿ ತೇಲಾಡಿ, ಹಲವು ರೂಪಗಳನ್ನು ದಾಟಿ ದಡ ಸೇರುತ್ತವೆ. ಈ ಕಾರಣದಿಂದ ಅವನ್ನು ಮನೆಯಲ್ಲಾಗಲಿ ಸಾಕಣೆಕೇಂದ್ರದಲ್ಲಾಗಲಿ ಸಂತಾನಾಭಿವೃದ್ಧಿ ಮಾಡಿಸುವುದು ಬಹಳ ಕಷ್ಟ. ಅಂಗಡಿಯ ಏಡಿಗಳು ಬಹುತೇಕ ಎಲ್ಲವೂ ಕಡಲತೀರದಿಂದ ಹಿಡಿದು ತಂದವೇ. ಚೆನ್ನಾಗಿ ನೋಡಿಕೊಂಡರೆ 30 ವರ್ಷಗಳಿಗೂ ಮೀರಿ ಬದುಕಬಲ್ಲ ಜೀವ, ಮನೆಗಳ ಪೆಟ್ಟಿಗೆಗಳಲ್ಲಿ ತಿಂಗಳುಗಳಲ್ಲೇ ಸಾಯುವುದು ಸಾಮಾನ್ಯ.

ಅವು ಜಗಳವಾಡುವುದು ನಿಜವೇ. ಸಮುದ್ರವಾಸಿ ಸನ್ಯಾಸಿ ಏಡಿಗಳಲ್ಲಿ ಒಂದು ಇನ್ನೊಂದರ ಚಿಪ್ಪನ್ನು ಹಿಡಿದು ತನ್ನ ಚಿಪ್ಪಿನಿಂದ ಅದಕ್ಕೆ ಮತ್ತೆ ಮತ್ತೆ ಬಡಿಯುತ್ತದೆ, ನಡುನಡುವೆ ನಿಲ್ಲಿಸಿ ಕಾಯುತ್ತದೆ. ಬಡಿತದ ರಭಸ ಹೆಚ್ಚಿದಷ್ಟೂ, ನಡುವಿನ ವಿರಾಮ ಕಡಿಮೆಯಾದಷ್ಟೂ ಒಳಗಿರುವ ಏಡಿ ಬಿಟ್ಟುಕೊಡುವ ಸಂಭವ ಹೆಚ್ಚು. ಆದರೆ ಬಿಟ್ಟುಕೊಡುವ ನಿರ್ಧಾರ ಒಳಗಿನದ್ದೇ. 1978ರಲ್ಲಿ ಬ್ರಯನ್ ಹ್ಯಾಜ್ಲೆಟ್ ಎಂಬ ಪ್ರಾಣಿಶಾಸ್ತ್ರಜ್ಞರು ಇದನ್ನು ಆಕ್ರಮಣವೆನ್ನಬೇಕೇ, ಒಪ್ಪಂದದ ಮಾತುಕತೆಯೆನ್ನಬೇಕೇ ಎಂಬ ಪ್ರಶ್ನೆಯೆತ್ತಿದರು. ಎಷ್ಟೋ ಬಾರಿ ಎರಡಕ್ಕೂ ತಮ್ಮ ತಮ್ಮ ಚಿಪ್ಪು ಅಳತೆಗೆ ಹೊಂದದೆ ಇದ್ದು, ಅದಲುಬದಲಾದ ಮೇಲೆ ಎರಡಕ್ಕೂ ಅನುಕೂಲವಾಗುತ್ತದೆ. ಮೀಸೆಗಳಿಂದ ಒಂದನ್ನೊಂದು ತಡವಿ ನೋಡುವುದು, ಒಂದರ ಮೇಲೊಂದು ಹತ್ತುವುದು, ಸಣ್ಣದಾಗಿ ಸದ್ದು ಮಾಡುವುದು ಇವೆಲ್ಲ ದಿನನಿತ್ಯದ ವ್ಯವಹಾರ. ನೋಡುವವರು ಇವನ್ನೆಲ್ಲ ಯುದ್ಧವೆಂದು ಭಾವಿಸಿ ಗಾಬರಿಯಾಗಬೇಕಿಲ್ಲ.

ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಬೆಲೀಜ್ ದೇಶದ ತೀರದಲ್ಲಿ ಕೆರಿಬಿಯನ್ ಏಡಿಗಳನ್ನು ಗಮನಿಸಿದ ರ್‍ಯಾಂಡಿ ರೋಟ್ಜನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೊಡ್ಡದೊಂದು ಬರಿದಾದ ಚಿಪ್ಪು ಮರಳಿನ ಮೇಲೆ ಬಿದ್ದರೆ ಅದರ ಬಳಿ ಏಡಿಗಳು ಬಂದು ಸೇರುತ್ತವೆ. ಮೊದಲು ಬಂದದ್ದಕ್ಕೆ ಅದು ದೊಡ್ಡದಾದರೆ ಬಿಟ್ಟುಹೋಗದೆ ಕಾಯುತ್ತದೆ. ಇನ್ನಷ್ಟು ಬಂದು, ದೊಡ್ಡದರ ಹಿಂದೆ ಸಣ್ಣದು, ಅದರ ಹಿಂದೆ ಇನ್ನೂ ಸಣ್ಣದು ಎಂದು ಗಾತ್ರದ ಕ್ರಮದಲ್ಲಿ ಸಾಲುಗಟ್ಟುತ್ತವೆ. ಕೊನೆಗೆ ಅಳತೆಗೆ ಸರಿಯಾದ ದೊಡ್ಡ ಏಡಿ ಬಂದು ಆ ಚಿಪ್ಪನ್ನು ಹೊಕ್ಕೊಡನೆ, ಅದು ಬಿಟ್ಟದ್ದನ್ನು ಎರಡನೆಯದು, ಎರಡನೆಯದು ಬಿಟ್ಟದ್ದನ್ನು ಮೂರನೆಯದು ಹೀಗೆ ಕ್ಷಣಗಳಲ್ಲಿ ಸಾಲಿಗೆ ಸಾಲೇ ಮನೆ ಬದಲಿಸುತ್ತದೆ. ಒಂದು ಚಿಪ್ಪು ಹಲವರ ಕೊರತೆಯನ್ನು ನೀಗುತ್ತದೆ. ಸಾಲಿನಲ್ಲೂ ಎಳೆದಾಟ, ತಳ್ಳಾಟ ಇಲ್ಲದಿಲ್ಲ. ಕೊನೆಯಲ್ಲಿ ಒಂದಕ್ಕೆ ಏನೂ ಸಿಗದೆಹೋಗುವುದೂ ಉಂಟು. ಆದರೆ ಅದಕ್ಕೆ ಮುಂದೆ ಇಡೀ ದಡ ತೆರೆದಿರುತ್ತದೆ.

ಪೆಟ್ಟಿಗೆಯೊಳಗೆ ಅದಿಲ್ಲ. ಅಲ್ಲಿ ಎರಡು ಏಡಿಗೆ ಎರಡೇ ಚಿಪ್ಪು, ಎರಡೂ ಮಾರುವವನು ಬಣ್ಣ ಬಳಿದು ಕೊಟ್ಟವು. ಒಂದು ಬೆಳೆದೊಡನೆ ಇನ್ನೊಂದರ ಚಿಪ್ಪಲ್ಲದೆ ಅದಕ್ಕೆ ಬೇರೆ ಗತಿಯಿಲ್ಲ. ಸೋತದ್ದು ಓಡಬೇಕೆಂದರೆ ನಾಲ್ಕು ಬೆರಳಾಚೆಗೆ ಗೋಡೆ. ಕಡಲತೀರದಲ್ಲಿ ಅರೆನಿಮಿಷದಲ್ಲಿ ಮುಗಿಯಬಹುದಾಗಿದ್ದ ತಕರಾರು ಇಲ್ಲಿ ದಿನಗಟ್ಟಲೆ ನಡೆಯುತ್ತದೆ. ಸೋಲಿಗೆ ದಾರಿಯಿದ್ದಲ್ಲಿ ಜಗಳ ಜಗಳವಾಗಿಯೇ ಮುಗಿಯುತ್ತದೆ. ದಾರಿ ಮುಚ್ಚಿದಲ್ಲಿ ಅದು ಕೊಲೆಯಾಗುತ್ತದೆ. ದಾರಿ ಮುಚ್ಚಿದವರು ಏಡಿಗಳಲ್ಲ.

ಆದರೆ ಮಗು ಕಂಡ ಸಾವಿನ ಕಾರಣ ಬಹುಶಃ ಚಿಪ್ಪಿನ ಜಗಳವೂ ಅಲ್ಲ. ಏಡಿ ಬೆಳೆಯಬೇಕಾದರೆ ತನ್ನ ಗಟ್ಟಿ ಕವಚವನ್ನು ಕಳಚಿ ಹೊಸದನ್ನು ಪಡೆಯಬೇಕು. ನೆಲದ ಸನ್ಯಾಸಿ ಏಡಿ ಅದಕ್ಕಾಗಿ ಒದ್ದೆ ಮರಳಿನ ಆಳದಲ್ಲಿ ಹೂತುಕೊಳ್ಳುತ್ತದೆ. ಕವಚ ಕಳಚಿದ ಏಡಿಗೆ ಹಲವು ದಿನ ಕಾಲೂ ನಿಲ್ಲದು. ಮೈ ಬೆಣ್ಣೆಯಂತೆ ಮೆತ್ತಗಿರುತ್ತದೆ. ಕಳಚಿದ ಹಳೆಯ ಕವಚವನ್ನೇ ಮೆಲ್ಲುತ್ತ, ಅದರ ಸುಣ್ಣದ ಸತ್ವದಿಂದ ಹೊಸತನ್ನು ಗಟ್ಟಿಮಾಡಿಕೊಳ್ಳುತ್ತ ಅದು ಕತ್ತಲಲ್ಲಿ ಕಾಯುತ್ತದೆ. ಚಿಕ್ಕ ಏಡಿಗೆ ಕೆಲವು ವಾರ, ದೊಡ್ಡದಕ್ಕೆ ಎರಡು ತಿಂಗಳು, ಇನ್ನೂ ಹೆಚ್ಚು. ಒಂದು ಹಿಡಿ ಕಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹೂತುಕೊಳ್ಳಲು ಎಡೆಯೆಲ್ಲಿ? ಅದು ಎಲ್ಲರ ಕಣ್ಣೆದುರು ಬಯಲಿನಲ್ಲೇ ಕಳಚಬೇಕಾಗುತ್ತದೆ. ಮೆತ್ತಗಿನ ಮೈಯ ವಾಸನೆ ಪಕ್ಕದ ಏಡಿಗೆ ಮುಟ್ಟುತ್ತದೆ. ಆ ಏಡಿಗೋ ತಿಂಗಳುಗಳಿಂದ ಸಾರವತ್ತಾದ ಆಹಾರವಿಲ್ಲ, ಸುಣ್ಣದಂಶವಿಲ್ಲ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ಬೆಳಗ್ಗೆ ಮನೆಯವರು ಕಾಣುವುದು ಒಂದು ಕ್ರೂರ ಪ್ರಾಣಿಯನ್ನು. ನಿಜದಲ್ಲಿ ಅಲ್ಲಿರುವುದು ಒಂದು ಹಸಿದ ಪ್ರಾಣಿ.

ಇಷ್ಟು ಸಣ್ಣ ಜೀವಕ್ಕೆ ನೋವು ತಿಳಿಯುತ್ತದೆಯೇ ಎಂಬ ಸಂದೇಹ ಜೈನ ಓದುಗರಿಗೆ ಬಾರದು. ಪಾಶ್ಚಾತ್ಯ ವಿಜ್ಞಾನ ಆ ಮಾತಿಗೆ ತಡವಾಗಿ ಬಂದಿದೆ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದ ರಾಬರ್ಟ್ ಎಲ್ವುಡ್ ಮತ್ತು ಮಿರ್ಯಮ್ ಆಪೆಲ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಪ್ಪಿನೊಳಗೆ ಸಣ್ಣ ವಿದ್ಯುದಾಘಾತ ಪಡೆದ ಸನ್ಯಾಸಿ ಏಡಿಗಳು ಮೆಚ್ಚಿನ ಜಾತಿಯ ಚಿಪ್ಪಾದರೆ ತಾಳಿಕೊಂಡು ಉಳಿಯುತ್ತಿದ್ದುವು, ಮೆಚ್ಚದ ಚಿಪ್ಪಾದರೆ ಬೇಗ ಬಿಟ್ಟು ಹೊರಬರುತ್ತಿದ್ದುವು. ನೋವನ್ನೂ ಮನೆಯ ಬೆಲೆಯನ್ನೂ ತೂಗಿನೋಡುವ ಶಕ್ತಿ ಅವಕ್ಕಿದೆಯೆಂದು ಇದರಿಂದ ತಿಳಿಯಬಹುದು. ಇದನ್ನು ತಿಳಿಯುವುದಕ್ಕೆ ಅವನ್ನು ನೋಯಿಸಿಯೇ ತೀರಬೇಕಿತ್ತೇ ಎಂಬ ಪ್ರಶ್ನೆ ಬೇರೆಯೇ ಇದೆ. ಬ್ರಿಟನ್ನಿನಲ್ಲಿ 2022ರಲ್ಲಿ ಅಂಗೀಕಾರವಾದ ಪ್ರಾಣಿಕಲ್ಯಾಣ ಕಾಯಿದೆ ಏಡಿ, ಸೀಗಡಿಗಳ ಗುಂಪನ್ನೂ ಸಂವೇದನೆಯುಳ್ಳ ಜೀವಿಗಳ ಸಾಲಿಗೆ ಸೇರಿಸಿತು.

ಈಗ ಹೊಣೆಯ ಪ್ರಶ್ನೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದ ಮೂರರಲ್ಲಿ ಎಚ್ಚರದಿಂದಿರಬೇಕು ಎನ್ನುವುದು ರೂಢಿ. ಏಡಿಯ ಸಾವು ಇದರಲ್ಲಿ ಎಲ್ಲಿ ನಿಲ್ಲುತ್ತದೆ? ಕೊಲ್ಲುವ ಸಂಕಲ್ಪ ಮನೆಯವರಿಗೆ ಇರಲಿಲ್ಲ. ಅಡುಗೆ, ನೀರು, ಮನೆ ಕಟ್ಟುವುದು ಮೊದಲಾದ ಅನಿವಾರ್ಯ ಕೆಲಸದಲ್ಲಿ ಆದದ್ದೂ ಅಲ್ಲ. ಜೀವನೋಪಾಯಕ್ಕೆ ಸಂಬಂಧಿಸಿದ್ದಲ್ಲ, ಆತ್ಮರಕ್ಷಣೆಯಂತೂ ಅಲ್ಲವೇ ಅಲ್ಲ. ವಿನೋದಕ್ಕಾಗಿ ತಂದದ್ದು. ಪ್ರಯೋಜನವಿಲ್ಲದೆ ಒದಗುವ ಇಂಥ ಹಿಂಸೆಗೆ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ಹೆಸರೇ ಇದೆ. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅದರ ಲೆಕ್ಕಕ್ಕೆ ಸೇರಿಸಿದ ಆಚಾರ್ಯರೂ ಇದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟಿಹಾಕುವುದೂ ಅನ್ನಪಾನಗಳನ್ನು ತಡೆಯುವುದೂ ಸೇರಿವೆ. ಹೊಡೆಯುವುದನ್ನು, ಅಂಗ ಕತ್ತರಿಸುವುದನ್ನು ಹೇಳಿದ ಸಾಲಿನಲ್ಲೇ ಅವನ್ನೂ ಹೇಳಿರುವುದು ಗಮನಾರ್ಹ. ಗಾಜಿನ ಪೆಟ್ಟಿಗೆಯಲ್ಲಿ ಯಾರೂ ಏಡಿಯನ್ನು ಹೊಡೆಯಲಿಲ್ಲ. ಕಟ್ಟಿಹಾಕಿದ್ದರ ಮತ್ತು ತಡೆಹಿಡಿದದ್ದರ ಫಲವಾಗಿ ಅಂಗಚ್ಛೇದ ತಾನಾಗಿಯೇ ನಡೆಯಿತು, ಇನ್ನೊಂದು ಪ್ರಾಣಿಯ ಇಕ್ಕುಳದ ಮೂಲಕ.

ಪ್ರತಿಯೊಂದು ಜೀವವೂ ತನ್ನ ಕರ್ಮವನ್ನು ತಾನೇ ಅನುಭವಿಸುವುದಲ್ಲವೇ, ತಿರ್ಯಂಚಗತಿಯ ದುಃಖಕ್ಕೆ ಗೃಹಸ್ಥನೇಕೆ ಹೊಣೆಯಾಗಬೇಕು ಎಂದು ಕೇಳುವವರಿದ್ದಾರೆ. ಏಡಿಯ ಕರ್ಮ ಏಡಿಯದ್ದೇ ಸರಿ. ಆದರೆ ಅದೇ ಸಿದ್ಧಾಂತ ಮನೆಯವರ ಪ್ರಮಾದವನ್ನು ಮನೆಯವರ ಲೆಕ್ಕಕ್ಕೇ ಬರೆಯುತ್ತದೆ. ಇನ್ನೊಬ್ಬರ ಕರ್ಮವನ್ನು ಮುಂದಿಟ್ಟು ತನ್ನ ಅಜಾಗರೂಕತೆಯನ್ನು ಮರೆಮಾಡುವುದಕ್ಕೆ ಕರ್ಮಸಿದ್ಧಾಂತ ಹುಟ್ಟಿದ್ದಲ್ಲ. ತಿಳಿಯದೆ ಆಯಿತು ಎಂಬ ಸಮಾಧಾನವೂ ಅರ್ಧ ಮಾತ್ರ ನಿಲ್ಲುತ್ತದೆ. ಕೊಳ್ಳುವ ಮೊದಲು ಕೇಳಿ ತಿಳಿಯಬಹುದಾಗಿತ್ತು; ಕೇಳಿದ್ದು ಮಾರುವವನೊಬ್ಬನನ್ನೇ.

ಎಲ್ಲಕ್ಕಿಂತ ಕಠಿನವಾದದ್ದು ಆಹಾರದ ವಿಷಯ. ಹಣ್ಣಿನ ಚೂರು ಸಾಕೆಂಬ ಅಂಗಡಿಯವನ ಮಾತು ಸುಳ್ಳು. ದಡದ ಮೇಲೆ ಈ ಏಡಿ ಎಲೆ, ಹಣ್ಣು, ಕೊಳೆತ ಮರ ತಿನ್ನುತ್ತದೆ. ಸತ್ತ ಮೀನು, ಸತ್ತ ಏಡಿಗಳನ್ನೂ ತಿನ್ನುತ್ತದೆ. ಅನುಭವಿ ಸಾಕಣೆದಾರರು ಒಣಸೀಗಡಿ, ಒಣಮೀನುಗಳನ್ನು ತಪ್ಪದೆ ಕೊಡುತ್ತಾರೆ. ಜೈನ ಮನೆಯಲ್ಲಿ ಅದು ನಡೆಯುವುದಲ್ಲ. ಕೊಟ್ಟರೆ ಒಂದು ಜೀವಕ್ಕಾಗಿ ಹಲವು ಜೀವಗಳ ವಧೆಗೆ ಕಾರಿತ, ಅನುಮೋದನೆಗಳ ಪಾಲು. ಕೊಡದಿದ್ದರೆ ಆ ಹಸಿವೇ ಪಕ್ಕದ ಏಡಿಯ ಮೇಲೆ ತಿರುಗೀತು. ಅಹಿಂಸೆಯ ಹೆಸರಿನಲ್ಲಿ ಮಾಂಸವನ್ನು ಹೊರಗಿಟ್ಟ ಮನೆಯಲ್ಲೇ ಸ್ವಜಾತಿಭಕ್ಷಣೆಗೆ ಎಡೆಯಾಗುವುದೆಂದರೆ ಇದಕ್ಕಿಂತ ವಿಷಾದದ ಸಂಗತಿ ಬೇರೆಯಿಲ್ಲ.

ಇಂಥದೇ ಇಕ್ಕಟ್ಟನ್ನು ದೊಡ್ಡ ಪ್ರಮಾಣದಲ್ಲಿ ಕಂಡ ಸಂಸ್ಥೆ ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಚಿಕಿತ್ಸಾಲಯ. ಹದ್ದು, ಗಿಡುಗಗಳಂಥ ಮಾಂಸಾಹಾರಿ ಹಕ್ಕಿಗಳಿಗೆ ಗಾಯಕ್ಕೆ ಮದ್ದು ಹಾಕಿ ಕಳುಹಿಸುವುದು, ಒಳರೋಗಿಗಳಾಗಿ ಇರಿಸಿಕೊಳ್ಳದಿರುವುದು ಅಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಇದನ್ನು ಟೀಕಿಸಿದವರೂ ಉಂಟು. ಆದರೆ ಆ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆಯಿದೆ: ಉಣಿಸಲಾರದವನನ್ನು ಬೀಗ ಹಾಕಿ ಇಟ್ಟುಕೊಳ್ಳುವುದಿಲ್ಲ ಎಂಬುದು. ಏಡಿಯನ್ನು ತಂದ ಮನೆ ಈ ಮಿತಿಯನ್ನು ಅಂಗಡಿಯ ಮುಂದೆ ನಿಂತಾಗಲೇ ನೆನೆಯಬೇಕಿತ್ತು. ಮನೆಗೆ ತಂದಾದ ಮೇಲೆ ಪೂರ್ತಿ ನಿರ್ದೋಷವಾದ ದಾರಿ ಉಳಿದಿಲ್ಲ. ಕಡಿಮೆ ದೋಷದ ದಾರಿಗಳಿವೆ. ನೆಲಗಡಲೆ, ಕುಂಬಳದ ಬೀಜ, ಸೂರ್ಯಕಾಂತಿ ಬೀಜ, ತೆಂಗಿನಕಾಯಿ, ಕಡಲಪಾಚಿಗಳಿಂದ ಸಾರವನ್ನು ಆದಷ್ಟು ತುಂಬಬಹುದು. ಸುಣ್ಣದಂಶಕ್ಕೆ ದಡಕ್ಕೆ ತೇಲಿಬಂದ ಸಮುದ್ರಫೇನವನ್ನು ಇಡಬಹುದು. ಅದೂ ಒಂದು ಕಡಲಜೀವಿಯ ಅಸ್ಥಿಯೇ ಎಂಬುದನ್ನು ಮರೆಯದೆ. ಇಷ್ಟರಿಂದ ತೃಪ್ತಿಯಾಗದೆ ಏಡಿಯನ್ನು ಅರಿತವರ ಕೈಗೆ ಒಪ್ಪಿಸುವ ಮನೆಯನ್ನು ಜರೆಯುವುದು ಸಲ್ಲದು. ಅಲ್ಲಿ ಅದು ಸೀಗಡಿ ತಿನ್ನುವುದು ಖಂಡಿತ, ಆ ದೋಷದ ಎಳೆ ಒಪ್ಪಿಸಿದವರವರೆಗೂ ಬರುವುದು. ಎರಡೂ ಆಯ್ಕೆಯಲ್ಲಿ ನೋವಿದೆ. ಆ ನೋವು ಏಡಿಗಳ ಪಾಲಿಗಿಂತ ಮನೆಯವರ ಪಾಲಿಗೆ ಬರುವುದೇ ನ್ಯಾಯ.

ಕಡಲಿಗೆ ಬಿಟ್ಟುಬಿಡುವುದು ಸುಲಭವಲ್ಲವೇ ಎಂಬ ಯೋಚನೆ ಬರುವುದು ಸಹಜ. ಕೆರಿಬಿಯನ್ನಿನ ಏಡಿ ನ್ಯೂಜೆರ್ಸಿಯ ಚಳಿಗಾಲದಲ್ಲಿ ಬದುಕಲಾರದು. ಅದನ್ನು ಬಿಡುಗಡೆಯೆನ್ನಲಾಗದು. ಹಾಗೆಯೇ ಅಂಗಡಿಯ ಪಂಜರವನ್ನು ಕಂಡು ಕನಿಕರಪಟ್ಟು ನಾಲ್ಕು ಏಡಿಗಳನ್ನು ಹಣ ಕೊಟ್ಟು ಪಾರುಮಾಡುವುದೂ ಜೀವದಯೆಯಾಗದು; ನಾಲ್ಕರ ಜಾಗಕ್ಕೆ ಇನ್ನೆಂಟು ಬರುತ್ತವೆ. ಪರ್ವದಿನಗಳಲ್ಲಿ ಪೇಟೆಯ ಹಕ್ಕಿಗಳನ್ನು ಕೊಂಡು ಹಾರಿಬಿಡಿಸುವ ಬಸದಿಯ ಟ್ರಸ್ಟುಗಳಿಗೂ ಈ ಮಾತು ಹೊರತಲ್ಲ.

ಇನ್ನು ಕೈಯಲ್ಲಿರುವ ಏಡಿಗಳ ನಡುವೆ ಕಲಹವನ್ನು ತಡೆಯುವುದು. ಇದು ಪುಣ್ಯಸಂಪಾದನೆಯಲ್ಲ, ಸಾಲ ತೀರಿಸುವುದು ಎಂಬ ಭಾವನೆಯಿಂದ ಮಾಡತಕ್ಕದ್ದು. ವಿಶಾಲವಾದ, ಮುಚ್ಚಳವಿರುವ ಗಾಜಿನ ತೊಟ್ಟಿ ಬೇಕು. ಅದರಲ್ಲಿ ಕನಿಷ್ಠ 15 ಸೆಂಟಿಮೀಟರ್ ಆಳದ, ಏಡಿ ದೊಡ್ಡದಾದರೆ ಅದರ ಎತ್ತರದ ಮೂರರಷ್ಟು ಆಳದ ಮರಳು. ಮಕ್ಕಳು ಗೂಡು ಕಟ್ಟುವಾಗ ನಿಲ್ಲುವಷ್ಟು ಒದ್ದೆ. ಈ ಪ್ರಾಣಿ ಕಿವಿರಿನಂಥ ಅಂಗದಿಂದಲೇ ಉಸಿರಾಡುವುದರಿಂದ ಒಳಗಿನ ಗಾಳಿಯ ತೇವ ಶೇಕಡಾ 80ರ ಆಸುಪಾಸಿನಲ್ಲಿರಬೇಕು. ಒಣಗಾಳಿಯಲ್ಲಿ ಅದು ದಿನದಿನವೂ ಉಸಿರುಗಟ್ಟಿ ಸಾಯುತ್ತದೆ. ಸಿಹಿನೀರು, ಕಡಲುಪ್ಪಿನ ನೀರು ಎರಡೂ ಬೇಕು, ಎರಡರಲ್ಲೂ ಕ್ಲೋರಿನ್ ಇರಬಾರದು. ಒಂದೊಂದು ಏಡಿಗೂ ಅದರ ಈಗಿನ ಚಿಪ್ಪಿಗಿಂತ ತುಸು ದೊಡ್ಡ ಬಾಯಿಯ ಮೂರು ನಾಲ್ಕು ಬಣ್ಣವಿಲ್ಲದ ಚಿಪ್ಪುಗಳನ್ನು ಹರಡಿಟ್ಟರೆ ಜಗಳದ ಮೂಲ ಕಾರಣವೇ ಅರ್ಧ ಹೋಗುತ್ತದೆ. ಕಾದಾಡುವಾಗ ಕೈಯಿಂದ ಎಳೆದು ಬಿಡಿಸಬಾರದು. ಚಿಪ್ಪಿನಿಂದ ಎಳೆದರೆ ಏಡಿಯ ಮೈ ಹರಿದುಹೋದೀತು. ಕವಚ ಕಳಚುತ್ತ ಬಯಲಿನಲ್ಲೇ ಬಿದ್ದಿದ್ದರೆ ಅದನ್ನು ಮುಟ್ಟದೆ, ತಳ ಮತ್ತು ಕತ್ತು ಕತ್ತರಿಸಿದ ಪ್ಲಾಸ್ಟಿಕ್ ಶೀಶೆಯನ್ನು ಸುತ್ತಲೂ ಮರಳಿಗೆ ಇಳಿಸಿ ಕಾಪಾಡುವುದು ವಾಡಿಕೆ. ಕಳೆದುಕೊಂಡ ಕಾಲು ಮುಂದಿನ ಕವಚದೊಡನೆ ಮತ್ತೆ ಚಿಗುರುತ್ತದೆ, ಆವರೆಗೆ ಅದು ಉಳಿದರೆ.

ಚಿಪ್ಪುಗಳ ಮಾತು ಬಂದುದರಿಂದ ಇಲ್ಲಿ ಒಂದು ಸಂಗತಿ. ಕಾರವಾರ, ಮಲ್ಪೆಯ ಬಂಡೆಗಳ ನಡುವೆ ಇಳಿತದ ಹೊತ್ತಿಗೆ ನಿಲ್ಲುವ ನೀರಿನಲ್ಲೂ ಕಡಲವಾಸಿ ಸನ್ಯಾಸಿ ಏಡಿಗಳ ಸಣ್ಣ ಜಾತಿಗಳಿವೆ. ಯಾತ್ರೆಯಿಂದ ಮರಳುವಾಗ ಮಕ್ಕಳು ಚೀಲ ತುಂಬ ಚಿಪ್ಪು ಆರಿಸಿ ತರುವುದನ್ನು ಯಾರೂ ಹಿಂಸೆಯೆಂದು ಎಣಿಸುವುದಿಲ್ಲ. ಒಂದು ಚಿಪ್ಪು ಕಡಮೆಯಾದರೆ ಸಾಲಿಗೆ ಸಾಲೇ ಬಿಗಿ ಮನೆಯಲ್ಲಿ ಉಳಿಯುತ್ತದೆಂದು ತಿಳಿದ ತಾಯಿ, ಚೀಲವನ್ನು ಅಲ್ಲೇ ಮರಳಿನ ಮೇಲೆ ಸುರಿಸಿ ಬರಿಗೈಯಲ್ಲಿ ಕರೆತಂದಾಳು.

ಉಳಿದ ಏಡಿಯ ಒಂಟಿತನವೂ ಒಂದು ಸಮಸ್ಯೆಯೇ. ಗುಂಪಿನ ಪ್ರಾಣಿಯನ್ನು ಒಂಟಿಯಾಗಿರಿಸುವುದು ಒಂದು ಬಗೆಯ ಶಿಕ್ಷೆ. ಜೊತೆಗೆಂದು ಹೊಸದನ್ನು ಕೊಂಡರೆ ಮತ್ತೆ ಅದೇ ವ್ಯಾಪಾರ. ಬೇರೆ ಮನೆಯವರು ಬೇಡವೆಂದು ಬಿಟ್ಟ ಏಡಿಯೊಂದು ದೊರೆತರೆ, ತೊಟ್ಟಿಯಲ್ಲಿ ಎಡೆಯಿದ್ದರೆ, ತಂದಿರಿಸಿಕೊಳ್ಳಬಹುದು. ಇಲ್ಲವಾದರೆ ಇಲ್ಲ.

ಆ ಮನೆಯಲ್ಲಿ ಈಗ ಹಳೆಯ ಪೆಟ್ಟಿಗೆಯಿಲ್ಲ. ಅಜ್ಜಿ ಮಗುವಿಗೆ ಬೇರೊಂದು ಉತ್ತರ ಹೇಳಿದ್ದಾರೆ: "ಅದಕ್ಕೆ ಪಾಪವೋ ಇಲ್ಲವೋ ನನಗೆ ತಿಳಿಯದು ಮಗೂ, ಅದಕ್ಕೆ ಇರಲು ಜಾಗ ಕೊಡದೆ ಇದ್ದವರು ನಾವು." ಹೊಸ ತೊಟ್ಟಿಯ ಆಳದ ಮರಳಿನಲ್ಲಿ ಉಳಿದೊಂದು ಏಡಿ ಇಳಿದು ಐದು ವಾರವಾಗಿದೆ. ಬದುಕಿದೆಯೋ ಇಲ್ಲವೋ ಎಂದು ತೋಡಿ ನೋಡಲು ಮಗುವಿನ ಕೈ ಚಡಪಡಿಸುತ್ತದೆ, ತಾಯಿ ಬಿಡುವುದಿಲ್ಲ. ಮಗು ಸಂಜೆ ಸಂಜೆ ಎರಡು ಬಟ್ಟಲಿನ ನೀರನ್ನೂ ಬದಲಿಸುತ್ತದೆ. ಮರಳಿನ ಮೇಲೆ ಹೆಜ್ಜೆಯ ಗುರುತು ಇನ್ನೂ ಮೂಡಿಲ್ಲ.